ಅಪ್ಪನ ಸಾಲ, ಮಗನ ದುಡಿಮೆ: ಮಕ್ಕಳ ಬಡತನದ ಬೇರು ಕೀಳಲು ಹೊರಟ ಕಾನೂನುಗಳ ಕತೆ

ಕೆಲವು ವರ್ಷಗಳ ಹಿಂದೆ ನಾವು ಪತ್ರಿಕೆಗೆ ಹತ್ತು ಸಾಲಿನ ಸುದ್ದಿಯೊಂದನ್ನು ಕಳಿಸಿದ್ದೆವು. ತಲೆಬರಹ ‘ಬಾಲಕಾರ್ಮಿಕನ ರಕ್ಷಣೆ’. ಹೆದ್ದಾರಿ ಪಕ್ಕದ ಡಾಬಾದಲ್ಲಿ ತಟ್ಟೆ ತೊಳೆಯುತ್ತಿದ್ದ ಹನ್ನೆರಡು ವರ್ಷದ ಹುಡುಗನನ್ನು ಅಧಿಕಾರಿಗಳು ಬಿಡಿಸಿಕೊಂಡು ಬಂದಿದ್ದರು. ಫೋಟೊ ಇತ್ತು, ಅಧಿಕಾರಿಯ ಹೇಳಿಕೆ ಇತ್ತು, ಮಾಲೀಕನ ಮೇಲೆ ಕೇಸು ಹಾಕಿದ ವಿವರ ಇತ್ತು. ಸುದ್ದಿ ಮೂರನೇ ಪುಟದಲ್ಲಿ ಬಂತು. ನಾವೂ ಒಂದು ಒಳ್ಳೆಯ ಕೆಲಸ ಮಾಡಿದೆವು ಅಂದುಕೊಂಡೆವು.

ಏಳೆಂಟು ತಿಂಗಳ ಮೇಲೆ ಅದೇ ಹುಡುಗ ಒಂದು ಇಟ್ಟಿಗೆ ಭಟ್ಟಿಯಲ್ಲಿ ಸಿಕ್ಕ. ನಮ್ಮ ಗುರುತು ಹಿಡಿದು ನಕ್ಕ. ‘ಇಲ್ಯಾಕ ಬಂದಿಯಪ್ಪ?’ ಅಂತ ಕೇಳಿದೆವು. ‘ನಮ್ಮಪ್ಪ ಅಡ್ವಾನ್ಸ್ ತಗೊಂಡಾನ್ರಿ’ ಅಂದ.

ನಮ್ಮ ಸುದ್ದಿಯಲ್ಲಿ ಅಪ್ಪನ ಸಾಲದ ಮಾತೇ ಇರಲಿಲ್ಲ. ನಾವು ಕೇಳಿಯೇ ಇರಲಿಲ್ಲ.

ಅಂದಿನಿಂದ ನಮಗೆ ಒಂದು ಪ್ರಶ್ನೆ ಅಂಟಿಕೊಂಡಿದೆ. ಮಗುವಿನ ಬಡತನದ ಬೇರು ಎಲ್ಲಿದೆ? ಸರ್ಕಾರಗಳು ಆ ಬೇರನ್ನು ಎಲ್ಲೆಲ್ಲಿ ಹುಡುಕಿದವು? ಯಾವುದು ಕಿತ್ತು ಬಂತು, ಯಾವುದು ನೆಲದಲ್ಲೇ ಉಳಿಯಿತು? ಈ ಬರಹದಲ್ಲಿ ನಮ್ಮ ಭಾಗದ ಮಾತನ್ನೇ ಮುಂದಿಟ್ಟುಕೊಂಡು ಆ ಕತೆಯನ್ನು ಹೇಳುತ್ತೇವೆ.

ಐವತ್ತು ರೂಪಾಯಿ ದಂಡ

ಮಕ್ಕಳನ್ನು ಸಾಲಕ್ಕೆ ಒತ್ತೆ ಇಡುವುದು ತಪ್ಪು ಎಂದು ಹೇಳುವ ಕಾನೂನು ಸ್ವಾತಂತ್ರ್ಯಕ್ಕೂ ಮೊದಲೇ ಬಂದಿತ್ತು ಎಂದರೆ ನಿಮಗೆ ಆಶ್ಚರ್ಯ ಆಗಬಹುದು. 1929ರಲ್ಲಿ ಬ್ರಿಟಿಷ್ ಸರ್ಕಾರ ಕಾರ್ಮಿಕರ ಸ್ಥಿತಿಗತಿ ತಿಳಿಯಲು ಒಂದು ರಾಯಲ್ ಆಯೋಗ ನೇಮಿಸಿತು. ಅಧ್ಯಕ್ಷರ ಹೆಸರಿನಿಂದ ಅದನ್ನು ವಿಟ್ಲಿ ಆಯೋಗ ಎನ್ನುತ್ತಾರೆ. ಬೀಡಿ, ಜಮಖಾನೆ ಮುಂತಾದ ಕೆಲಸದ ಜಾಗಗಳಲ್ಲಿ ತಂದೆತಾಯಿ ಮುಂಗಡ ಹಣ ಪಡೆದು ಮಕ್ಕಳನ್ನು ದುಡಿಮೆಗೆ ಬಿಟ್ಟಿದ್ದು ಅದರ ಕಣ್ಣಿಗೆ ಬಿತ್ತು. ಅದರ ಫಲವಾಗಿ 1933ರಲ್ಲಿ ಮಕ್ಕಳ ದುಡಿಮೆಯನ್ನು ಒತ್ತೆ ಇಡುವುದರ ವಿರುದ್ಧ ಒಂದು ಕಾಯ್ದೆ ಬಂತು. ಹದಿನೈದು ವರ್ಷದೊಳಗಿನ ಮಗುವನ್ನು ಒತ್ತೆ ಇಟ್ಟು ಮಾಡಿಕೊಂಡ ಕರಾರು ಅಸಿಂಧು ಎಂದಿತು. ದಂಡ ಎಷ್ಟು ಗೊತ್ತೇ? ತಂದೆತಾಯಿಗೆ 50 ರೂಪಾಯಿವರೆಗೆ, ದುಡಿಸಿಕೊಂಡವನಿಗೆ 200 ರೂಪಾಯಿವರೆಗೆ.

ಎರಡು ವಿಷಯ ಗಮನಿಸಿ. ಒಂದು, ಈ ಕಾಯ್ದೆ ಬ್ರಿಟಿಷರ ನೇರ ಆಳ್ವಿಕೆಯ ಪ್ರದೇಶಕ್ಕೆ ಮಾತ್ರ. ಧಾರವಾಡ, ವಿಜಾಪುರ, ಬೆಳಗಾವಿ, ಕಾರವಾರ, ಬಳ್ಳಾರಿ, ಮಂಗಳೂರಿನ ಕಡೆಗೆ ಅನ್ವಯಿಸುತ್ತಿತ್ತು. ಮೈಸೂರು ಸಂಸ್ಥಾನಕ್ಕೆ ಇಲ್ಲ. ನಿಜಾಮರ ಆಳ್ವಿಕೆಯಲ್ಲಿದ್ದ ರಾಯಚೂರು, ಕಲಬುರಗಿ, ಬೀದರ್‌ಗೂ ಇಲ್ಲ. ನಿಜಾಮರ ಸೀಮೆಯಲ್ಲಿ ಜೀತಕ್ಕೆ ‘ಭಗೇಲಾ’ ಎಂಬ ಹೆಸರಿತ್ತು. ಅದನ್ನು ಹತೋಟಿಗೆ ತರಲು ಅಲ್ಲಿ ಬೇರೆಯೇ ಕಾನೂನು ಬಂತು. ಆ ಕಾನೂನಿನ ಕಣ್ಣು ಒಪ್ಪಂದದ ಮೇಲಿತ್ತೇ ಹೊರತು ಮನೆಯ ಮೇಲೆ ಇರಲಿಲ್ಲ.

ಎರಡು, ದಂಡ ತಂದೆತಾಯಿಗೂ ಇತ್ತು. ಮಗನನ್ನು ಒತ್ತೆ ಇಟ್ಟ ಅಪ್ಪನ ಹತ್ತಿರ ಐವತ್ತು ರೂಪಾಯಿ ಇದ್ದಿದ್ದರೆ ಮಗನನ್ನು ಯಾಕೆ ಒತ್ತೆ ಇಡುತ್ತಿದ್ದ? ಕಾಗದವನ್ನು ರದ್ದು ಮಾಡಿದ ಕಾನೂನು ಸಾಲವನ್ನು ಹಾಗೇ ಬಿಟ್ಟಿತು.

ಶಾಲೆಗೆ ಕಳಿಸಿ ಎಂದ ಕಾನೂನು

ಇನ್ನೊಂದು ಕಡೆ ಶಾಲೆಯ ದಾರಿ. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ ಪ್ರಾಥಮಿಕ ಶಿಕ್ಷಣದ ಕಾನೂನು ಬಂತು. ಆಯ್ದ ಊರುಗಳಲ್ಲಿ ಶಿಕ್ಷಣ ಕಡ್ಡಾಯ ಮಾಡಲು ಅದು ಅವಕಾಶ ಕೊಟ್ಟಿತು. 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿ ಹಿಂದುಳಿದ ಸಮುದಾಯಗಳಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಕೊಡುವ, ಓದಲು ನೆರವು ನೀಡುವ ಮಾತಾಡಿತು. ದೇಶದಲ್ಲಿ ಬಹಳ ಕಡೆ ಇನ್ನೂ ಕನಸಾಗಿದ್ದ ಮಾತುಗಳವು.

ಸ್ವಾತಂತ್ರ್ಯ ಬಂದ ಮೇಲೆ ಸಂವಿಧಾನ ಇನ್ನೂ ದೊಡ್ಡ ಮಾತು ಕೊಟ್ಟಿತು. 23ನೇ ವಿಧಿ ಬಲವಂತದ ದುಡಿಮೆಯನ್ನು ನಿಷೇಧಿಸಿತು. 24ನೇ ವಿಧಿ ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಕಾರ್ಖಾನೆ, ಗಣಿ ಮತ್ತು ಅಪಾಯದ ಕೆಲಸಕ್ಕೆ ಹಚ್ಚಬಾರದು ಎಂದಿತು. 45ನೇ ವಿಧಿ ಹತ್ತು ವರ್ಷದೊಳಗೆ ಎಲ್ಲ ಮಕ್ಕಳಿಗೂ ಹದಿನಾಲ್ಕು ವರ್ಷದವರೆಗೆ ಉಚಿತ, ಕಡ್ಡಾಯ ಶಿಕ್ಷಣ ಕೊಡಲು ಸರ್ಕಾರ ಪ್ರಯತ್ನಿಸಬೇಕು ಎಂದಿತು. ಲೆಕ್ಕ ಹಾಕಿದರೆ 1960ಕ್ಕೆ ಅದು ಮುಗಿಯಬೇಕಿತ್ತು. ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಐವತ್ತು ವರ್ಷ ತಡ. ಆ ಐವತ್ತು ವರ್ಷದಲ್ಲಿ ನಮ್ಮ ಹಳ್ಳಿಗಳ ಎಷ್ಟು ಮಕ್ಕಳು ದನದ ಹಿಂದೆ ನಡೆದರು ಎಂಬುದನ್ನು ಯಾವ ಹಾಜರಿ ಪುಸ್ತಕವೂ ಬರೆದಿಟ್ಟಿಲ್ಲ.

ಎರಡು ಚೀಲ ಜೋಳದ ಬಾಲ್ಯ

ನಮ್ಮ ಪಕ್ಕದ ಓಣಿಯಲ್ಲಿ ಎಪ್ಪತ್ತರ ಹತ್ತಿರದ ಹಿರಿಯರೊಬ್ಬರಿದ್ದಾರೆ. ಹೆಸರು ಬೇಡ ಅಂದರು. ಅವರ ಮಾತು ಅವರ ಬಾಯಲ್ಲೇ ಕೇಳಿ:

‘ನಮ್ಮಪ್ಪ ನನ್ನ ಜೀತಕ್ಕ ಇಟ್ಟಾಗ ನನಗ ಎಂಟು ವರ್ಷ. ಅಕ್ಕನ ಲಗ್ನಕ್ಕ ಸಾಲ ಮಾಡಿದ್ದ. ಉಗಾದಿಯಿಂದ ಉಗಾದಿಗೆ ಕರಾರು. ವರ್ಷಕ್ಕ ಎರಡು ಚೀಲ ಜ್ವಾಳ, ಒಂದು ಕಂಬಳಿ, ಒಂದು ಜೋಡು ಚಪ್ಪಲಿ. ಉಗಾದಿ ಬರ್ತಿತ್ತು, ಲೆಕ್ಕ ಮಾಡ್ತಿದ್ರು, ಸಾಲ ಹಂಗ ಇರ್ತಿತ್ತು. ಜಡ್ಡಾಗಿ ಮಲಗಿದ ದಿನಾನೂ ಸಾಲಕ್ಕ ಸೇರಸ್ತಿದ್ರು.’

ಈ ಮಾತಿನಲ್ಲಿ ಮಗುವಿನ ಬಡತನದ ಬೇರುಗಳೆಲ್ಲ ಇವೆ. ಮನೆಗೆ ಹೊಲ ಇಲ್ಲ. ಮದುವೆಗೋ ಕಾಯಿಲೆಗೋ ಸಾಲ ಕೊಡುವ ಬ್ಯಾಂಕು ಇಲ್ಲ. ಸಾಲ ಕೊಟ್ಟವನೇ ಲೆಕ್ಕ ಬರೆಯುತ್ತಾನೆ, ಲೆಕ್ಕ ಓದಲು ಮನೆಯಲ್ಲಿ ಅಕ್ಷರ ಇಲ್ಲ. ಕೊನೆಗೆ ಮನೆಯಲ್ಲಿ ಅಡವಿಡಲು ಉಳಿದಿದ್ದು ಮಗ ಒಬ್ಬನೇ.

ಬೇರಿಗೆ ಕೈ ಹಾಕಿದ ದಶಕ

1970ರ ದಶಕದಲ್ಲಿ ಕರ್ನಾಟಕ ಈ ಬೇರುಗಳಲ್ಲಿ ಕೆಲವಕ್ಕೆ ನಿಜವಾಗಿ ಕೈ ಹಾಕಿತು. ಮುಖ್ಯಮಂತ್ರಿ ದೇವರಾಜ ಅರಸು.

ಮೊದಲನೆಯದು ಭೂಮಿ. ಭೂಸುಧಾರಣಾ ಕಾಯ್ದೆಗೆ ತಂದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಯಾಯಿತು. ಗೇಣಿಗೆ ಕೊಟ್ಟ ಭೂಮಿ ಅಂದಿನಿಂದ ಸರ್ಕಾರದ್ದು, ಉಳುವವನು ಅರ್ಜಿ ಹಾಕಿಕೊಂಡರೆ ಅವನದ್ದು. ಫಾರಂ ನಂಬರ್ 7 ಎಂದರೆ ಹಿರಿಯರಿಗೆ ಇವತ್ತಿಗೂ ನೆನಪಿದೆ. ತಾಲ್ಲೂಕಿಗೆ ಭೂನ್ಯಾಯ ಮಂಡಳಿಗಳು ಬಂದವು. ಬಡ ಗೇಣಿದಾರ ತನ್ನ ಮಾತನ್ನು ತಾನೇ ಹೇಳಿಕೊಳ್ಳಲಿ ಎಂದು ಆರಂಭದಲ್ಲಿ ಅಲ್ಲಿ ವಕೀಲರಿಗೆ ಅವಕಾಶ ಇರಲಿಲ್ಲ. ಕರಾವಳಿ, ಮಲೆನಾಡಿನಲ್ಲಿ ಇದು ಸಾವಿರಾರು ಮನೆಗಳ ಹಣೆಬರಹ ಬದಲಿಸಿತು. ಗೇಣಿ ಕೊಡುವುದು ತಪ್ಪಿತು, ಅಕ್ಕಿ ಮನೆಯಲ್ಲಿ ಉಳಿಯಿತು, ಮಕ್ಕಳು ಶಾಲೆಗೆ ಹೋದರು.

ಆದರೆ ಈ ಕಾಯ್ದೆ ಕೊಟ್ಟಿದ್ದು ಗೇಣಿದಾರನಿಗೆ. ನಮ್ಮ ಓಣಿಯ ಹಿರಿಯರ ಅಪ್ಪ ಗೇಣಿದಾರನೂ ಅಲ್ಲ, ಬರೀ ಕೂಲಿ. ಕೂಲಿಕಾರನಿಗೆ ತಾನಿದ್ದ ಗುಡಿಸಲಿನ ಜಾಗದ ಮೇಲೆ ಹಕ್ಕು ಸಿಗುವ ಅವಕಾಶ ಕಾಯ್ದೆಯಲ್ಲಿತ್ತು. ಅದು ಸಣ್ಣದಲ್ಲ. ಆದರೆ ಉಳಲು ಹೊಲ ಸಿಗಲಿಲ್ಲ. ಬಯಲುಸೀಮೆಯ ಜೀತದಾಳುಗಳ ಮನೆಗಳು ಬಹಳಷ್ಟು ಈ ಸಾಲಿನಲ್ಲೇ ಬರುತ್ತವೆ.

ಎರಡನೆಯದು ಸಾಲ. 1975ರ ಜುಲೈ 1ರಂದು ಪ್ರಧಾನಿ ಇಂದಿರಾ ಗಾಂಧಿ ಇಪ್ಪತ್ತು ಅಂಶಗಳ ಕಾರ್ಯಕ್ರಮ ಘೋಷಿಸಿದರು. ಅದು ತುರ್ತು ಪರಿಸ್ಥಿತಿಯ ಕಾಲ. ಪತ್ರಿಕೆಗಳ ಬಾಯಿ ಕಟ್ಟಿದ್ದ ಆ ಕಾಲದಲ್ಲೇ ಜೀತದ ಬಾಯಿ ಬಿಡಿಸುವ ಕಾನೂನೂ ಬಂತು ಎಂಬುದು ಇತಿಹಾಸದ ವಿಚಿತ್ರ. ಆ ವರ್ಷ ಅಕ್ಟೋಬರ್ 25ರಿಂದ ಜೀತ ಪದ್ಧತಿ ರದ್ದಾಯಿತು. ಮೊದಲು ಸುಗ್ರೀವಾಜ್ಞೆ, 1976ರಲ್ಲಿ ಕಾಯ್ದೆ. ಹಳೆಯ 1933ರ ಕಾನೂನಿಗೂ ಇದಕ್ಕೂ ದೊಡ್ಡ ವ್ಯತ್ಯಾಸ ಇದೆ. ಇದು ಕರಾರನ್ನು ಮಾತ್ರವಲ್ಲ, ಸಾಲವನ್ನೇ ಅಳಿಸಿತು. ಜೀತದ ಸಾಲವನ್ನು ಇನ್ನು ಯಾರೂ ವಸೂಲಿ ಮಾಡುವಂತಿಲ್ಲ. ಅಪ್ಪ, ಅಜ್ಜ ಮಾಡಿದ ಸಾಲಕ್ಕೆ ಮಕ್ಕಳು ದುಡಿಯುವುದನ್ನೂ ಜೀತ ಎಂದೇ ಕಾಯ್ದೆ ಕರೆಯಿತು. 1976ರಲ್ಲೇ ಕರ್ನಾಟಕ ಋಣಮುಕ್ತಿ ಕಾಯ್ದೆ ತಂದು ಸಣ್ಣ ರೈತರ, ಭೂಮಿಯಿಲ್ಲದ ಕೂಲಿಗಳ, ಬಡವರ ಖಾಸಗಿ ಸಾಲವನ್ನು ಮನ್ನಾ ಮಾಡಿತು. ಅಡವಿಟ್ಟ ಪಾತ್ರೆ, ಒಡವೆಗಳು ಮನೆಗೆ ಮರಳಬೇಕು ಎಂದಿತು.

ಮೂರನೆಯದು ಓದು. 1972ರಲ್ಲಿ ನೇಮಕವಾದ ಎಲ್.ಜಿ.ಹಾವನೂರ ಆಯೋಗ 1975ರಲ್ಲಿ ವರದಿ ಕೊಟ್ಟಿತು. ಹಿಂದುಳಿದ ವರ್ಗಗಳ ಮಕ್ಕಳಿಗೆ ಮೀಸಲಾತಿ, ವಿದ್ಯಾರ್ಥಿವೇತನ, ಹಾಸ್ಟೆಲ್‌ಗಳ ದಾರಿ ಅಗಲವಾಯಿತು.

ಹೀಗೆ ಹೊಲ, ಸಾಲ, ಓದು ಎಂಬ ಮೂರು ಬೇರುಗಳಿಗೆ ನಾಲ್ಕೈದು ವರ್ಷದಲ್ಲಿ ಕಾನೂನು ಬಂತು. ಬೇರಿನ ಮಾತನ್ನು ಸರ್ಕಾರ ಅಷ್ಟು ನೇರವಾಗಿ ಆಡಿದ ಕಾಲ ನಮ್ಮ ರಾಜ್ಯದಲ್ಲಿ ಕಡಿಮೆ.

‘ಸಂಜಿಮುಂದ ಎಲ್ಲಿ ಉಣ್ಣೋದು?’

ಕಾನೂನು ಊರಿಗೆ ಬಂದಾಗ ಏನಾಯಿತು? ಹಿರಿಯರು ಹೇಳುತ್ತಾರೆ: ‘ಅಧಿಕಾರಿಗಳು ಜೀಪಿನಾಗ ಬಂದ್ರು. ಇವತ್ತಿಂದ ನೀ ಬಿಡುಗಡೆ ಅಂದ್ರು. ಹೋದ್ರು. ಸಂಜಿಮುಂದ ಎಲ್ಲಿ ಉಣ್ಣೋದು ಅಂತ ಯಾರೂ ಹೇಳಲಿಲ್ಲ.’

ಬಿಡುಗಡೆಯಾದವರಿಗೆ ಪುನರ್ವಸತಿ ನೆರವು ಕೊಡುವ ಯೋಜನೆ ಕೇಂದ್ರದಿಂದ ಬಂದದ್ದು 1978ರಲ್ಲಿ. ಒಬ್ಬರಿಗೆ 4,000 ರೂಪಾಯಿ. ಕಾಯ್ದೆಗೂ ನೆರವಿಗೂ ನಡುವೆ ಎರಡು ಉಗಾದಿ ಕಳೆದಿದ್ದವು. ಆ ನಡುವೆ ಎಷ್ಟೋ ಜನ ತಾವಾಗಿಯೇ ಹಳೆಯ ಮನೆಯ ಬಾಗಿಲಿಗೆ ಮರಳಿದರು. ಮುಂದೆ ಆ ಮೊತ್ತ 2000ದಲ್ಲಿ 20,000ಕ್ಕೆ ಏರಿತು. 2016ರ ಯೋಜನೆಯಲ್ಲಿ ಗಂಡಸರಿಗೆ ಒಂದು ಲಕ್ಷ, ಮಹಿಳೆಯರು ಮತ್ತು ಮಕ್ಕಳಿಗೆ ಎರಡು ಲಕ್ಷ, ಅತಿ ಕ್ರೂರ ಪ್ರಕರಣಗಳಲ್ಲಿ ಮೂರು ಲಕ್ಷ ರೂಪಾಯಿ ಎಂದಾಯಿತು. ಆದರೆ ಕೈಗೆ ತಕ್ಷಣ ಸಿಗುವುದು ಅದರಲ್ಲಿ ಸ್ವಲ್ಪ. ಉಳಿದ ಹಣ ಬರುವುದು ಮಾಲೀಕನಿಗೆ ಶಿಕ್ಷೆಯಾದ ಮೇಲೆ. ಕೋರ್ಟಿನ ತಾರೀಖುಗಳ ಅನುಭವ ನಿಮಗೂ ಇದೆ, ನಾವು ಬಿಡಿಸಿ ಹೇಳಬೇಕಿಲ್ಲ.

ಹಾಗೆಂದು ಏನೂ ಆಗಲಿಲ್ಲ ಎನ್ನುವುದೂ ಸುಳ್ಳು. ಕಾಯ್ದೆ ಬಂದ ಮೇಲೆ ಕರ್ನಾಟಕದಲ್ಲಿ 63 ಸಾವಿರಕ್ಕೂ ಹೆಚ್ಚು ಜೀತದಾಳುಗಳನ್ನು ಗುರುತಿಸಿದ ಸರ್ಕಾರಿ ಲೆಕ್ಕವಿದೆ. 57 ಸಾವಿರಕ್ಕೂ ಹೆಚ್ಚು ಜನರಿಗೆ ಪುನರ್ವಸತಿ ಆಯಿತು ಎನ್ನುತ್ತದೆ ಅದೇ ಲೆಕ್ಕ. ನಮ್ಮ ಹಿರಿಯರೂ ಅದರಲ್ಲಿ ಒಬ್ಬರು. ಅವರಿಗೆ ಮುಂದೆ ಎರಡು ಎಕರೆ ಸರ್ಕಾರಿ ಜಮೀನು ಸಿಕ್ಕಿತು. ಮಗ ಹಾಸ್ಟೆಲ್‌ನಲ್ಲಿದ್ದು ಓದಿದ. ಇವತ್ತು ಆತ ಶಾಲಾ ಮಾಸ್ತರ. ಹಿರಿಯರನ್ನು ಕೇಳಿದರೆ, ‘ಒಂದ ಸಿಕ್ಕಿದ್ರ ಏಳ್ತಿರಲಿಲ್ಲರಿ. ಹೊಲ ಇತ್ತು ಅಂತ ಮಗನ್ನ ದುಡಿಯಾಕ ಕಳಿಸಲಿಲ್ಲ. ಹಾಸ್ಟೆಲ್ ಇತ್ತು ಅಂತ ಅವನ ಊಟದ ಚಿಂತಿ ಇರಲಿಲ್ಲ’ ಅನ್ನುತ್ತಾರೆ. ನೀತಿ ರೂಪಿಸುವವರು ದಪ್ಪ ವರದಿಗಳಲ್ಲಿ ಬರೆಯುವುದನ್ನು ಅವರು ಎರಡು ಮಾತಿನಲ್ಲಿ ಮುಗಿಸಿದರು.

ಬಡತನ ಇರುವವರೆಗೆ?

1979ರಲ್ಲಿ ಬಾಲಕಾರ್ಮಿಕರ ಬಗ್ಗೆ ಕೇಂದ್ರ ಸರ್ಕಾರ ಒಂದು ಸಮಿತಿ ಮಾಡಿತು. ಅಧ್ಯಕ್ಷರು ಕನ್ನಡಿಗರೇ ಆದ ಎಂ.ಎಸ್.ಗುರುಪಾದಸ್ವಾಮಿ. ಬಡತನ ಇರುವವರೆಗೆ ಬಾಲದುಡಿಮೆಯನ್ನು ಪೂರ್ತಿ ತೆಗೆಯುವುದು ಕಷ್ಟ, ಆದ್ದರಿಂದ ಅಪಾಯದ ಕೆಲಸದಲ್ಲಿ ನಿಷೇಧಿಸಿ, ಉಳಿದ ಕಡೆ ನಿಯಂತ್ರಿಸಿ ಎಂಬ ದಾರಿಯನ್ನು ಆ ಸಮಿತಿ ತೋರಿಸಿತು. 1986ರ ಬಾಲಕಾರ್ಮಿಕ ಕಾಯ್ದೆ ಇದೇ ದಾರಿ ಹಿಡಿಯಿತು. ಪಟ್ಟಿಯಲ್ಲಿದ್ದ ಕೆಲಸಗಳಿಗೆ ಮಾತ್ರ ನಿಷೇಧ. ಹೊಲದ ಕೆಲಸ, ದನ ಕಾಯುವುದು ಪಟ್ಟಿಯಲ್ಲಿ ಇರಲಿಲ್ಲ. ಅಂದರೆ ಹಳ್ಳಿಯ ಮಗುವಿನ ಬಹುಪಾಲು ದುಡಿಮೆ ಕಾನೂನಿನ ಕಣ್ಣಿಗೆ ಬೀಳಲೇ ಇಲ್ಲ.

ಇಲ್ಲಿ ಒಂದು ದೊಡ್ಡ ವಾದ ಹುಟ್ಟಿತು. ಬಡತನದಿಂದ ಮಕ್ಕಳು ದುಡಿಯುತ್ತಾರೆ ಎಂದು ಒಂದು ಪಕ್ಷ. ಮಕ್ಕಳು ದುಡಿಯುವುದರಿಂದಲೇ ಬಡತನ ಮುಂದಿನ ತಲೆಮಾರಿಗೆ ದಾಟುತ್ತದೆ, ದೊಡ್ಡವರ ಕೂಲಿಯೂ ಇಳಿಯುತ್ತದೆ ಎಂದು ಇನ್ನೊಂದು ಪಕ್ಷ. ಎರಡನ್ನೂ ನಾವು ನಮ್ಮ ಊರುಗಳಲ್ಲಿ ಕಂಡಿದ್ದೇವೆ. ಹತ್ತಿ ಹೊಲದಲ್ಲಿ ಅರ್ಧ ಕೂಲಿಗೆ ಹುಡುಗಿಯರು ಸಿಗುವಾಗ ಅವರ ಅಮ್ಮಂದಿರಿಗೆ ಪೂರ್ತಿ ಕೂಲಿ ಕೊಟ್ಟು ಕರೆಯುವವರು ಯಾರು? 2016ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂದು ಹದಿನಾಲ್ಕರೊಳಗಿನವರ ದುಡಿಮೆ ಎಲ್ಲ ಕೆಲಸಗಳಲ್ಲೂ ನಿಷೇಧವಾಯಿತು. ಆದರೆ ಶಾಲೆಯ ಸಮಯ ಬಿಟ್ಟು ಮನೆಯ ಕಸುಬಿಗೆ ನೆರವಾಗಬಹುದು ಎಂಬ ವಿನಾಯಿತಿ ಉಳಿಯಿತು. ಯಾವುದು ಮನೆಯ ಕಸುಬು, ಯಾವುದು ಅಪ್ಪ ಹಿಡಿದ ಗುತ್ತಿಗೆ ಎಂದು ಭಟ್ಟಿಯ ಮುಂದೆ ನಿಂತು ಬಿಡಿಸಿ ಹೇಳುವುದು ಸುಲಭವಲ್ಲ.

ತಟ್ಟೆಗೆ ಬಂದ ನೀತಿ

ಹಸಿವು ಇನ್ನೊಂದು ಬೇರು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಅಂಗನವಾಡಿ ಯೋಜನೆ ಶುರುವಾಯಿತು. ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿ.ನರಸೀಪುರಕ್ಕೆ. ಶಾಲೆಯ ಮಕ್ಕಳಿಗೆ 1995ರ ಆಗಸ್ಟ್ 15ರಿಂದ ಕೇಂದ್ರದ ಯೋಜನೆ ಬಂತು. ಹಾಜರಾತಿ ಸರಿಯಿದ್ದರೆ ತಿಂಗಳಿಗೆ ಮೂರು ಕಿಲೊ ಧಾನ್ಯ. ಧಾನ್ಯ ಮನೆಗೆ ಹೋದರೆ ಮನೆಯವರೆಲ್ಲರ ಪಾಲಾಗುತ್ತದೆ, ಮಗುವಿನ ಹೊಟ್ಟೆಗೆ ಎಷ್ಟು ಬಿತ್ತು ಎಂದು ಹೇಳುವವರು ಯಾರು? 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್, ಶಾಲೆಯಲ್ಲೇ ಬೇಯಿಸಿದ ಊಟ ಕೊಡಿ ಎಂದು ರಾಜ್ಯಗಳಿಗೆ ಆದೇಶಿಸಿತು.

ಕರ್ನಾಟಕ 2002ರ ಜೂನ್‌ನಲ್ಲಿ ಅಕ್ಷರ ದಾಸೋಹವನ್ನು ಉತ್ತರದ ಏಳು ಜಿಲ್ಲೆಗಳಲ್ಲಿ ಆರಂಭಿಸಿತು. ಮರುವರ್ಷ ಉಳಿದ ಜಿಲ್ಲೆಗಳಿಗೂ ಬಂತು. ‘ದಾಸೋಹ’ ಎಂಬ ಪದ ನಮ್ಮ ಜನರಿಗೆ ಹೊಸದಲ್ಲ. ಮಠಗಳಲ್ಲಿ ಉಂಡು ಓದಿದವರು ಪ್ರತಿ ಊರಲ್ಲೂ ಇದ್ದಾರೆ. ಸರ್ಕಾರ ಅದನ್ನು ಪ್ರತಿ ಸರ್ಕಾರಿ ಶಾಲೆಯ ಹಕ್ಕನ್ನಾಗಿ ಮಾಡಿತು. 2013ರ ಆಗಸ್ಟ್‌ನಲ್ಲಿ ಕ್ಷೀರಭಾಗ್ಯದ ಹಾಲು, 2021ರ ಡಿಸೆಂಬರ್‌ನಲ್ಲಿ ನಮ್ಮ ಭಾಗದ ಜಿಲ್ಲೆಗಳಿಗೆ ಮೊಟ್ಟೆ ಬಂತು. ಮೊಟ್ಟೆ ಬೇಡದವರಿಗೆ ಬಾಳೆಹಣ್ಣು.

ಇದರಿಂದ ಶಾಲೆ ತುಂಬಿತು. ಬೇರೆ ಬೇರೆ ಜಾತಿಯ ಮಕ್ಕಳು ಒಂದೇ ಸಾಲಿನಲ್ಲಿ ಕೂತು ಉಂಡರು. ಕೆಲವು ಕಡೆ ಅಡುಗೆಯವರ ಜಾತಿ ನೋಡಿ ತಕರಾರು ಎದ್ದಿದ್ದೂ ನಿಜ. ಆದರೂ ಒಂದು ಅಂಕಿ ನಮ್ಮನ್ನು ನಿಲ್ಲಿಸುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ವಯಸ್ಸಿಗೆ ತಕ್ಕ ಎತ್ತರ ಇಲ್ಲದ ಐದು ವರ್ಷದೊಳಗಿನ ಮಕ್ಕಳು 2015–16ರಲ್ಲಿ ಶೇ 36.2 ಇದ್ದರು. 2019–20ರಲ್ಲಿ ಶೇ 35.4. ಹೆಚ್ಚೂಕಡಿಮೆ ಅಷ್ಟೇ. ಶಾಲೆಯ ಊಟ ಆರು ವರ್ಷದ ಮೇಲೆ ಸಿಗುತ್ತದೆ. ಮಗುವಿನ ಎತ್ತರ ತಾಯಿಯ ಹೊಟ್ಟೆಯಲ್ಲಿ, ಮೊದಲ ಎರಡು ವರ್ಷದಲ್ಲಿ ನಿರ್ಧಾರವಾಗುತ್ತದೆ. ಆಗ ತಾಯಿ ಎಲ್ಲಿರುತ್ತಾಳೆ? ನಮ್ಮ ಭಾಗದಲ್ಲಾದರೆ, ಬಹಳ ಸಲ, ಗುಳೆಯಲ್ಲಿ.

ಬೀಗ ಹಾಕಿದ ಮನೆಗಳು

ಜೀತ ಹೋಯಿತು, ಗುಳೆ ಬಂತು. ಸುಗ್ಗಿ ಮುಗಿದ ಮೇಲೆ ಯಾದಗಿರಿ, ರಾಯಚೂರು, ಕಲಬುರಗಿ ಕಡೆಯ ಓಣಿಗಳಲ್ಲಿ ಬೀಗ ಹಾಕಿದ ಮನೆಗಳನ್ನು ಎಣಿಸಬಹುದು. ಬೆಂಗಳೂರಿನ ಕಟ್ಟಡ ಕೆಲಸ, ಕಬ್ಬು ಕಡಿಯುವುದು, ಇಟ್ಟಿಗೆ ಭಟ್ಟಿ. ಮುಂಗಡ ಕೊಡುವವನು ಈಗ ಊರ ಗೌಡ ಅಲ್ಲ, ಮೇಸ್ತ್ರಿ. ಕರಾರು ಉಗಾದಿಯಿಂದ ಉಗಾದಿಗೆ ಅಲ್ಲ, ಹಂಗಾಮಿಗೆ. ಗಂಡ ಹೆಂಡತಿಯನ್ನು ಜೋಡಿಯಾಗಿ ಲೆಕ್ಕ ಹಿಡಿಯುತ್ತಾರೆ. ಮಗು ಲೆಕ್ಕದಲ್ಲಿ ಇಲ್ಲ, ಕೆಲಸದಲ್ಲಿ ಇದೆ.

2006ರ ಫೆಬ್ರುವರಿಯಲ್ಲಿ ಬಂದ ಉದ್ಯೋಗ ಖಾತರಿ ಇದಕ್ಕೆ ನೇರ ಉತ್ತರವಾಗಿ ಬಂತು. ಮೊದಲ ಹಂತದಲ್ಲಿ ಕರ್ನಾಟಕದ ಬೀದರ್, ಕಲಬುರಗಿ, ರಾಯಚೂರು, ದಾವಣಗೆರೆ, ಚಿತ್ರದುರ್ಗ ಇದ್ದವು. ವರ್ಷಕ್ಕೆ ನೂರು ದಿನ ಊರಲ್ಲೇ ಕೆಲಸ, ಹೆಣ್ಣಾಳಿಗೂ ಗಂಡಾಳಿಗೂ ಒಂದೇ ಕೂಲಿ. ಕೆಲಸದ ಜಾಗದಲ್ಲಿ ಸಣ್ಣ ಮಕ್ಕಳು ಐದು ಅಥವಾ ಅದಕ್ಕಿಂತ ಹೆಚ್ಚಿದ್ದರೆ ನೋಡಿಕೊಳ್ಳಲು ಒಬ್ಬರನ್ನು ನೇಮಿಸಬೇಕು ಎಂದೂ ನಿಯಮ ಮಾಡಿದರು. ಅದೇ ವಿಚಾರ ಮುಂದೆ ನಮ್ಮ ರಾಜ್ಯದಲ್ಲಿ ‘ಕೂಸಿನ ಮನೆ’ ಆಯಿತು. 2023–24ರ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ ಇದನ್ನು ತೆರೆಯುವುದಾಗಿ ಘೋಷಿಸಿದರು. ಅದೇ 2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಶುರುವಾಗಿ ಮನೆಯೊಡತಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ ಬರತೊಡಗಿತು. ತಾಯಿಯ ಕೈಯಲ್ಲಿ ಹಣ ಇದ್ದರೆ ಮಗುವಿನ ತಟ್ಟೆಗೆ ಬರುತ್ತದೆ ಎಂಬ ಲೆಕ್ಕ ಇದರ ಹಿಂದಿದೆ.

ನೀತಿ ಆಯೋಗದ ಲೆಕ್ಕದಲ್ಲಿ ಕರ್ನಾಟಕದ ಬಹುಆಯಾಮದ ಬಡತನ 2015–16ರ ಶೇ 12.77ರಿಂದ 2019–21ರಲ್ಲಿ ಶೇ 7.58ಕ್ಕೆ ಇಳಿದಿದೆ. ಇಳಿದಿದ್ದು ನಿಜ, ಸಂತೋಷವೇ. ಆದರೆ ಇಳಿಯದೇ ಉಳಿದ ಮನೆಗಳಿಗೆ ಹೋಗಿ ನೋಡಿದರೆ ಒಂದೇ ಬೇರು ಕಾಣುವುದಿಲ್ಲ. ಎಲ್ಲ ಬೇರುಗಳೂ ಅದೇ ಮನೆಯಲ್ಲಿ ಹೆಣೆದುಕೊಂಡಿರುತ್ತವೆ.

ನಾವು ಕೇಳದೇ ಬಿಟ್ಟ ಪ್ರಶ್ನೆ

ಈ ಇತಿಹಾಸ ನಮಗೆ ಕಲಿಸಿದ್ದು ಇಷ್ಟು. ಒಂದೊಂದು ಕಾಲದ ಸರ್ಕಾರ ಒಂದೊಂದು ಬೇರು ಹಿಡಿದು ಎಳೆಯಿತು. ಒಮ್ಮೆ ಸಾಲ, ಒಮ್ಮೆ ಹೊಲ, ಒಮ್ಮೆ ಶಾಲೆ, ಒಮ್ಮೆ ಊಟ, ಒಮ್ಮೆ ಕೂಲಿ. ಒಂದೇ ಮನೆಗೆ ಎರಡು ಮೂರು ಒಟ್ಟಿಗೆ ಸಿಕ್ಕಲ್ಲಿ ನಮ್ಮ ಹಿರಿಯರ ಮಗನಂತೆ ಮಕ್ಕಳು ದಾಟಿದರು. ಒಂದೇ ಸಿಕ್ಕಲ್ಲಿ ಡಾಬಾದ ಹುಡುಗನಂತೆ ಭಟ್ಟಿಗೆ ಹೋದರು. ಅವನಿಗೆ ಶಾಲೆ ಇತ್ತು, ಬಿಸಿಯೂಟ ಇತ್ತು, ಅವನನ್ನು ಕಾಯುವ ಕಾನೂನೂ ಇತ್ತು. ಅಪ್ಪನ ಸಾಲ ತೀರಿಸುವ ದಾರಿ ಮಾತ್ರ ಇರಲಿಲ್ಲ.

ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಯಬೇಕು. ಬಹಳ ಕಡೆ ನವೆಂಬರ್ ಸುಮಾರಿಗೆ ಮಾಡುತ್ತಾರೆ. ಹಾಡು, ಭಾಷಣ, ಬಿಸ್ಕತ್ತಿನಲ್ಲಿ ಮುಗಿದು ಹೋಗುತ್ತದೆ. ಈ ಸಲ ನಿಮ್ಮೂರಿನ ಸಭೆಯಲ್ಲಿ ಮೂರು ಪ್ರಶ್ನೆ ಕೇಳಿ. ಯಾವ ಮಕ್ಕಳ ಮನೆಯವರು ಮೇಸ್ತ್ರಿಯಿಂದ ಮುಂಗಡ ತಂದಿದ್ದಾರೆ? ಗುಳೆ ಹೋಗುವ ಮನೆಯ ಮಕ್ಕಳು ಊರಲ್ಲೇ ಉಳಿದು ಓದಲು ಹಂಗಾಮಿನ ವಸತಿ ವ್ಯವಸ್ಥೆ ಇದೆಯೇ? ಕಳೆದ ವರ್ಷ ಬಿಡಿಸಿ ತಂದ ಮಕ್ಕಳು ಇವತ್ತು ಎಲ್ಲಿದ್ದಾರೆ?

ಮೂರನೇ ಪ್ರಶ್ನೆಯನ್ನು ನಾವು ನಮಗೂ ಕೇಳಿಕೊಂಡಿದ್ದೇವೆ. ಈಗ ‘ರಕ್ಷಣೆ’ ಎಂಬ ಸುದ್ದಿ ಬರೆದರೆ ತಾರೀಖನ್ನು ಡೈರಿಯಲ್ಲಿ ಗುರುತು ಹಾಕಿಕೊಳ್ಳುತ್ತೇವೆ. ಆರು ತಿಂಗಳ ಮೇಲೆ ಆ ಮನೆಗೆ ಹೋಗಿ ಮೊದಲು ಕೇಳುವುದು ಒಂದೇ ಮಾತು: ‘ಸಾಲ ತೀರೇತೇನು?’